ರಾಗಿಕಾಳಿನಷ್ಟು ತಪ್ಪು

ಚನ್ನಪಟ್ಟಣದಲ್ಲಿ ನಲವತ್ತು ವರ್ಷ ಬುಗುರಿ, ಗಿಲಕಿ ಕಡೆದ ಬೋರಲಿಂಗಯ್ಯನವರು ಮೊಳದುದ್ದದ ಒಂದು ಮರದ ಬಾಂಬರ್ ವಿಮಾನವನ್ನು ಆರು ವರ್ಷದಿಂದ ಮುಗಿಸುತ್ತಲೇ ಇದ್ದಾರೆ. ರೆಕ್ಕೆ, ಬಾಲ ಎಲ್ಲ ಮೊದಲ ತಿಂಗಳಲ್ಲೇ ಆಯಿತು. ತಕರಾರೆಲ್ಲ ಪೈಲಟ್ ಕೂರುವ ಗೂಡಿನದು. ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಭಾವಮೈದ ಬರೆದುಕೊಟ್ಟ ಆ ಗೂಡಿನ ನಕ್ಷೆ ದೇವರ ಪಟದ ಪಕ್ಕದಲ್ಲಿದೆ; ದಿನಾ ಅದಕ್ಕೂ ಊದುಬತ್ತಿಯ ಹೊಗೆ ಸಲ್ಲುತ್ತದೆ. “ಸೀಟು ಒಂದು ರಾಗಿಕಾಳಷ್ಟು ಎಡಕ್ಕೆ ಬಂದ್ಬುಟ್ಟೈತೆ ಕಣ್ಲಾ, ಪೈಲಟ್‌ಗೆ ಮಂಡಿ ಬಡೀತೈತೆ” ಎಂದು ಪಕ್ಕದ ಮನೆಯವನಾದ ನನ್ನೆದುರು ಕೊರಗುತ್ತಾರೆ. ಆ ಪೈಲಟ್ಟನ್ನು ಅವರಿನ್ನೂ ಕಡೆದೇ ಇಲ್ಲ. ವಿರೂಪಾಕ್ಷಿಪುರದ ಮದುವೆಯೂಟದಲ್ಲಿ ಪಾಯಸ ಬರುವ ಮೊದಲೇ “ಅಯ್ಯಯ್ಯೋ, ಎತ್ತರ ತೋರ್ಸೋ ಮುಳ್ಳು ಉಲ್ಟಾ ಕೂರ್ಸ್ಬುಟ್ಟಿವ್ನಿ!” ಎಂದು ಎಲೆ ಬಿಟ್ಟೆದ್ದು ಬಸ್ಸು ಹತ್ತಿದ ಪುಣ್ಯಾತ್ಮ ಇವರು. ಗಿಲಕಿ ಮಾಡುವ ಕಾಲದಿಂದ ಅವರಿಗೊಂದು ಅಭ್ಯಾಸ: ಅರಗಿನ ಬಣ್ಣ ಹಾಕಿದ ಪ್ರತಿ ತುಣುಕನ್ನೂ ತಾವೇ ಬಾಯಿಗಿಟ್ಟು ಚೀಪಿ ನೋಡುವುದು. ಒಂಚೂರು ಬಣ್ಣ ಬಿಟ್ಟರೂ “ಮಕ್ಕಳಿರೋ ಮನೆಗೆ ಆಗಾಕಿಲ್ಲ” ಎಂದು ಒಲೆಗೆ ಎಸೆಯುತ್ತಾರೆ. ವಿಮಾನದ ನಲವತ್ತೊಂದು ಗುಂಡಿಗಳೂ ಹೀಗೆ ಅವರ ನಾಲಗೆಯ ಮೇಲೆ ಪಾಸಾಗಿಯೇ ಗೂಡಿಗೆ ಅಂಟಿಕೊಂಡವು. ಮೊನ್ನೆ ಹೆಂಡತಿ ಬೈರಮ್ಮ ಕನ್ನಡಕ ಹಾಕಿಕೊಂಡು ನಕ್ಷೆಗೂ ಗೂಡಿಗೂ ತಾಳೆ ನೋಡಿ, “ಆರು ವರ್ಷ ತಿದ್ದಿ ತಿದ್ದಿ, ಬಾಂಬ್ ಬೀಳ್ಸೋ ಗುಂಡಿನೇ ಮರ್ತ್‌ಬುಟ್ಟಿದ್ದೀರಲ್ಲ!” ಎಂದು ನಕ್ಕರು. ಬೋರಲಿಂಗಯ್ಯನವರು ನಗಲಿಲ್ಲ. “ಮರ್ತಿಲ್ಲ ಕಣಮ್ಮಿ, ಅದ್ನೂ ಚೀಪಿ ನೋಡ್ದೆ” ಎಂದರು. “ಮಕ್ಕಳಿರೋ ಮನೆಗೆ ಆಗಾಕಿಲ್ಲ.”