ಒಂಟಿಗುಂಡಿಯಲ್ಲಿ ಯಾರು ದೊಡ್ಡವರು

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಒಂದು ಸೈಕಲ್ ಅಂಗಡಿಯ ಮಹಡಿಯ ಮೇಲೆ ನಮ್ಮ ಬಿಲಿಯರ್ಡ್ಸ್ ಕೋಣೆ ಇದೆ. ಬಿಲಿಯರ್ಡ್ಸ್ ಅಂದ ತಕ್ಷಣ ಕೋಟು ಹಾಕಿದವರು, ತಣ್ಣನೆಯ ಗಾಳಿ, ಪಿಸುಮಾತು ಅಂತೆಲ್ಲ ಊಹಿಸಿಕೊಳ್ಳಬೇಡಿ. ಎರಡು ಟೇಬಲ್ಲು, ಒಂದು ಮಣ್ಣಿನ ಹೂಜಿ, ಗಾಳಿಗಿಂತ ಹೆಚ್ಚು ಸದ್ದು ಮಾಡುವ ಫ್ಯಾನು, ಅಷ್ಟೇ. ಟೇಬಲ್ಲುಗಳನ್ನು ಮಾಡಿದವನು ನಮ್ಮ ಚನ್ನಪಟ್ಟಣದ ಬಡಗಿ. ಮೇಲೆ ಹಾಸುವ ಬಟ್ಟೆ ಮಾತ್ರ ಹೊರಗಿಂದ ತರಿಸಿದ್ದು. ಬೆಳಗಿನ ಹರಾಜು ಮುಗಿಸಿಕೊಂಡು, ಗೂಡಿನಿಂದ ನೂಲು ತೆಗೆಯುವ ರೀಲರುಗಳು ಮಧ್ಯಾಹ್ನ ಮೆಟ್ಟಿಲು ಹತ್ತಿ ಬರುತ್ತಾರೆ. ಅವರ ಹಿಂದೆಯೇ ಬೇಯಿಸಿದ ಗೂಡಿನ ವಾಸನೆಯೂ ಬರುತ್ತದೆ. ನಾನು ಚನ್ನಪಟ್ಟಣದವನು, ಬೊಂಬೆ ಲೇತಿನ ಕೆಲಸದವನು. ವಾರಕ್ಕೆ ಎರಡು ಮಧ್ಯಾಹ್ನ ಬಸ್ಸು ಹತ್ತಿ ಅಲ್ಲಿಗೆ ಹೋಗುವುದು ನನಗೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟ ಚಟ.

ಅಲ್ಲಿ ಆಡುವ ಆಟಕ್ಕೆ ಹೊರಗಿನವರು ಒನ್ ಪಾಕೆಟ್ ಅನ್ನುತ್ತಾರೆ, ನಾವು ಒಂಟಿಗುಂಡಿ ಅನ್ನುತ್ತೇವೆ. ಟೇಬಲ್ಲಿಗೆ ಆರು ಗುಂಡಿಗಳಿದ್ದರೂ ನಿಮ್ಮದು ಒಂದೇ ಮೂಲೆ, ಎದುರಾಳಿಯದು ಪಕ್ಕದ ಮೂಲೆ. ಇರುವ ಹದಿನೈದು ಚೆಂಡಿನಲ್ಲಿ ಎಂಟನ್ನು ಯಾರು ಮೊದಲು ತಮ್ಮ ಗುಂಡಿಗೆ ಬೀಳಿಸುತ್ತಾರೋ ಅವರು ಗೆದ್ದ ಹಾಗೆ. ಬೇರೆ ನಾಲ್ಕು ಗುಂಡಿಗೆ ಬಿದ್ದದ್ದು ಬಿದ್ದ ಹಾಗಲ್ಲ. ಆದ್ದರಿಂದ ಇದು ಹೊಡೆಯುವವನ ಆಟಕ್ಕಿಂತ ತಡೆಯುವವನ ಆಟ. ಎದುರಾಳಿಗೆ ಏನೂ ಉಳಿಸದೆ ಸುಮ್ಮನೆ ಚೆಂಡನ್ನು ಮರೆಗೆ ಸರಿಸಿ ಬಂದು ಕೂರುವುದಕ್ಕೆ ಎದೆ ಬೇಕು. ಹೊಸಬರಿಗೆ ಅದು ಹೇಡಿತನದ ಹಾಗೆ ಕಾಣುತ್ತದೆ.

ತಪ್ಪು ಮಾಡಿದರೆ, ಅಂದರೆ ಕೈಯೋ ಬಟ್ಟೆಯೋ ಚೆಂಡಿಗೆ ತಗುಲಿದರೆ, ಬೀಳಿಸಿದ್ದರಲ್ಲಿ ಒಂದನ್ನು ತೆಗೆದು ಮತ್ತೆ ಟೇಬಲ್ಲಿನ ಮೇಲಿಡಬೇಕು, ಸರದಿಯನ್ನೂ ಬಿಟ್ಟುಕೊಡಬೇಕು. ಅದಕ್ಕೆ ನಮ್ಮಲ್ಲಿ ತೀರ್ಪುಗಾರ ಇಲ್ಲ. ತಪ್ಪು ಯಾರದೋ ಅವರೇ ಕೋಲಿನ ಬುಡವನ್ನು ನೆಲಕ್ಕೆ ಎರಡು ಸಲ ಕುಟ್ಟಿ ಒಪ್ಪಿಕೊಳ್ಳಬೇಕು. ಎದುರಾಳಿಯ ತಪ್ಪನ್ನು ನೀವು ಎತ್ತಿ ಆಡುವಂತಿಲ್ಲ. ಕಂಡರೂ ಕಾಣದ ಹಾಗೆ ಇರಬೇಕು. ಕೋಣೆ ಶುರು ಮಾಡಿದ ಹಳೆಯ ಮಾಲೀಕರು ಹಾಕಿದ ಕಟ್ಟಳೆ ಇದು. ಅವರ ಮಗ ಈಗ ಮಾಲೀಕ, ಅವನೂ ಮುರಿದಿಲ್ಲ.

ಆಟ ಎಷ್ಟು ನಡೆಯುತ್ತದೋ ಅದಕ್ಕಿಂತ ಹೆಚ್ಚು ನಡೆಯುವುದು ವಾದ. ಒಂಟಿಗುಂಡಿಯಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು ಅನ್ನುವುದೇ ವಾದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ, ಹಿಂದೆ ಇಲ್ಲಿ ಆಡುತ್ತಿದ್ದ ಮಾಗಡಿಯ ಮೇಷ್ಟ್ರ ಹೆಸರನ್ನು ಒಬ್ಬ ಎತ್ತಿದರೆ ಇನ್ನೊಬ್ಬ ಅಡ್ಡ ಬೀಳುತ್ತಾನೆ. ಎಲ್ಲರಿಗಿಂತ ಜೋರು ಬಾಯಿ ಕನಕಪುರದ ಕಡೆ ದೊಡ್ಡಆಲಹಳ್ಳಿಯಿಂದ ಬರುವ ಒಬ್ಬ ಕುರಿ ಸಾಕುವವನದು.

"ಲೇ, ಮೇಷ್ಟ್ರು ಎರಡ್ ಕೈಲೂ ಆಡೋರು ಕಣ್ಲಾ. ಅಂಥೋರ್ನ ಎಲ್ಲಿಂದ ತತ್ತೀಯ?" ಅಂತ ಒಬ್ಬ ಅಂದರೆ, "ಕೈ ಎರಡಿದ್ರೇನ್ಲಾ, ಗುಂಡಿ ಒಂದೇ ಅಲ್ವಾ? ಒಸಿ ತಲೆ ಓಡ್ಸು" ಅನ್ನುವುದು ಇವನ ಉತ್ತರ. ಒಂದು ದಿನ ಯಾರೋ ಮೊಬೈಲು ತೆಗೆದು, ಪ್ರಪಂಚದ ದೊಡ್ಡ ಆಟಗಾರರು ಇವರೇ ಅಂತ ಯಾವುದೋ ದೇಶದವರ ಆಟ ತೋರಿಸಿದ. ಎಲ್ಲರೂ ತಲೆಗೆ ತಲೆ ತಾಗಿಸಿ ನೋಡಿದೆವು. ನಿಜವಾಗಿಯೂ ಅದ್ಭುತವಾಗಿ ಆಡುತ್ತಿದ್ದರು. ಆಲಹಳ್ಳಿಯವನು ಮಾತ್ರ ಮೂಗು ಮುರಿದ. "ಅವ್ರ ಟೇಬಲ್ಲು ಬಂಡೆ ಇದ್ದಂಗೈತೆ. ಅಲ್ಲಾಡೋ ನಮ್ ಟೇಬಲ್ ಮ್ಯಾಲೆ ಬಂದ್ ಆಡ್ಲಿ, ಆಮ್ಯಾಕ್ ನೋಡಾನ."

ಕೊನೆಗೆ ವಾದ ಬಂದು ನಿಲ್ಲುತ್ತಿದ್ದದ್ದು ಇಬ್ಬರ ಮೇಲೆ. ಒಬ್ಬ ರಾಮನಗರದ ರೀಲರು, ನನ್ನ ಗೆಳೆಯ. ಇನ್ನೊಬ್ಬ ನಾನು. ನನ್ನ ಬಗ್ಗೆ ನಾನೇ ಹೇಳಿಕೊಳ್ಳುವುದು ಚೆಂದವಲ್ಲ, ಆದರೆ ಚೆನ್ನಾಗಿ ಆಡುತ್ತಿದ್ದೆ. ಸಿಡುಕ, ಸೋತರೆ ಎರಡು ದಿನ ಮನೆಯಲ್ಲಿ ಯಾರ ಜೊತೆಯೂ ಮಾತಿಲ್ಲ. ಅವನು ಹಾಗಲ್ಲ. ಅವನ ಆಟದಲ್ಲಿ ಅವಸರ ಅನ್ನುವುದೇ ಇರಲಿಲ್ಲ. ರೀಲರು ದಿನವಿಡೀ ಕುದಿಯುವ ನೀರಿನ ಬೇಸಿನ್ನಿನಲ್ಲಿ ಬೆರಳಾಡಿಸಿ ಗೂಡಿನಿಂದ ಎಳೆಯ ತುದಿ ಹುಡುಕಬೇಕು. ಕಣ್ಣಿಗೆ ಕಾಣದ ಎಳೆ ಅದು, ಬೆರಳಿಗೇ ಸಿಗಬೇಕು. ಆ ಕೆಲಸದಿಂದ ಅವನ ಬೆರಳ ತುದಿಗಳು ಬೆಳ್ಳಗೆ, ಮೆತ್ತಗೆ ಆಗಿದ್ದವು. ಅದೇ ಬೆರಳನ್ನು ಟೇಬಲ್ಲಿನ ಮೇಲೆ ಹರಡಿ ಅದರ ನಡುವೆ ಕೋಲು ತೂರಿಸಿದರೆ ಕೋಲಿಗೆ ಜೀವ ಬಂದ ಹಾಗೆ ಇರುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಈಗ ಅದನ್ನು ಹೇಳಲು ನಾಚಿಕೆಯಿಲ್ಲ.

ನಮ್ಮಿಬ್ಬರಲ್ಲಿ ಯಾರು ಮೇಲು ಅನ್ನುವುದು ತೀರ್ಮಾನವಾದದ್ದು ಹನ್ನೊಂದು ವರ್ಷದ ಹಿಂದಿನ ಒಂದು ಆಟದಲ್ಲಿ. ಕೋಣೆ ಕಿಕ್ಕಿರಿದಿತ್ತು. ಅವನದು ಏಳು, ನನ್ನದು ಏಳು, ಟೇಬಲ್ಲಿನ ಮೇಲೆ ಉಳಿದದ್ದು ಒಂದೇ ಚೆಂಡು. ಸರದಿ ಅವನದು. ಕೋಲಿನಿಂದ ಹೊಡೆಯುವ ಬಿಳಿ ಚೆಂಡು ಆ ಕೊನೆಯ ಚೆಂಡಿಗೆ ತೀರಾ ಹತ್ತಿರ ಬಂದು ನಿಂತಿದ್ದರಿಂದ ಅವನ ಎಡಗೈ ಬೆರಳುಗಳು ಆ ಚೆಂಡಿನ ಪಕ್ಕದಲ್ಲೇ ಇದ್ದವು. ನಡುವೆ ಒಂದು ಅಕ್ಕಿಕಾಳು ಹಿಡಿಸುವಷ್ಟು ಜಾಗ. ಅವನು ಬಗ್ಗಿದ. ಎದುರು ಬದಿಯಲ್ಲಿ ನಾನು ನಿಂತಿದ್ದೆ.

ಆ ಬದಿಯ ಟೇಬಲ್ ಕಾಲು ಒಂದಿಷ್ಟು ಗಿಡ್ಡ, ಅದರ ಕೆಳಗೆ ಮರದ ಚಕ್ಕೆ ಕೊಟ್ಟಿತ್ತು. ಒಬ್ಬ ಬಗ್ಗಿರುವಾಗ ಇನ್ನೊಬ್ಬ ಅಲ್ಲಿ ಕೈಯೂರಬಾರದು ಅನ್ನುವುದು ಎಲ್ಲರಿಗೂ ಗೊತ್ತಿತ್ತು, ನನಗೂ. ಆದರೆ ಅವನ ಗುರಿ ಎಲ್ಲಿ ಅಂತ ನೋಡುವ ಆತುರ ನನಗೆ. ಅಂಚಿನ ಮೇಲೆ ಅಂಗೈಯೂರಿ ಬಾಗಿದೆ. ನನ್ನ ಭಾರಕ್ಕೆ ಕೆಳಗಿನ ಚಕ್ಕೆ ಕಿರ್ರ್ ಅಂದದ್ದು ನನ್ನ ಪಾದಕ್ಕೆ ಗೊತ್ತಾಯಿತು. ಟೇಬಲ್ಲಿನ ಮೇಲೆ ಆ ಚೆಂಡು ಎಳ್ಳಷ್ಟು ಕದಲಿತು. ನಾನು ಕೈ ತೆಗೆದುಬಿಟ್ಟೆ. ಸುತ್ತ ಇದ್ದವರ ಕಣ್ಣೆಲ್ಲ ಅವನ ಕೋಲಿನ ಮೇಲಿತ್ತು, ನನ್ನ ಕೈಯನ್ನು ಯಾರೂ ನೋಡಲಿಲ್ಲ.

ಅವನು ಚೆಂಡು ಕದಲಿದ್ದನ್ನು ನೋಡಿದ. ಆಮೇಲೆ ತನ್ನ ಬೆರಳುಗಳನ್ನು ನೋಡಿದ. ನಿಧಾನವಾಗಿ ನೆಟ್ಟಗೆ ನಿಂತು, ಕೋಲಿನ ಬುಡವನ್ನು ಎರಡು ಸಲ ನೆಲಕ್ಕೆ ಕುಟ್ಟಿದ. ಕೋಣೆಯಲ್ಲಿ ಯಾರಿಗೂ ಯಾಕೆ ಅಂತ ಅರ್ಥವಾಗಲಿಲ್ಲ. "ಬೆರಳು ತಗುಲ್ಬುಡ್ತು ಕಣ್ರಪ್ಪ," ಅಂದ. ನನ್ನ ಕಡೆ ತಿರುಗಿ ಮೆತ್ತಗೆ, "ತಗುಲಿದ್ದೇ ಗೊತ್ತಾಗ್ಲಿಲ್ಲ ನೋಡ್ಲಾ," ಅಂದ.

ಆಗ ನಾನು ಬಾಯಿಬಿಡಬೇಕಿತ್ತು. ತಪ್ಪು ನನ್ನದು, ಕುಟ್ಟಬೇಕಾದ ಕೋಲು ನನ್ನದು. ನಾನು ಕುಟ್ಟಲಿಲ್ಲ. ಎದುರಾಳಿಯ ತಪ್ಪಿನ ವಿಷಯದಲ್ಲಿ ಮಾತಾಡಬಾರದು ಅನ್ನುವ ಕಟ್ಟಳೆ ಇದೆಯಲ್ಲ, ಅದರ ಹಿಂದೆ ಅಡಗಿಕೊಂಡು ಮೌನವಾಗಿ ನಿಂತೆ. ಅವನು ತನ್ನ ಏಳರಲ್ಲಿ ಒಂದನ್ನು ತೆಗೆದು ಟೇಬಲ್ಲಿನ ಮೇಲಿಟ್ಟ. ನಾನು ಬಗ್ಗಿ ಹೊಡೆದೆ. ಬಿತ್ತು. ಜನ ನನ್ನನ್ನು ಎತ್ತಿಕೊಂಡು ಕುಣಿದರು. ಅವನೂ ಬಂದು ತಬ್ಬಿಕೊಂಡ. ಅವನ ಅಂಗಿಯ ಬೆವರು ನನ್ನ ಕೆನ್ನೆಗೆ ತಗುಲಿತ್ತು, ಅದು ಇವತ್ತಿಗೂ ನೆನಪಿದೆ.

ಆಮೇಲೆ ಅವನು ಆ ಮೆಟ್ಟಿಲು ಹತ್ತಲಿಲ್ಲ. ಒಂದು ತಿಂಗಳು ನೋಡಿದೆವು, ಎರಡು ತಿಂಗಳು ನೋಡಿದೆವು. ಮಾರುಕಟ್ಟೆಯಲ್ಲಿ ಸಿಕ್ಕರೆ ನಕ್ಕು ಮಾತಾಡುತ್ತಿದ್ದ, ಆಟದ ಮಾತು ಬಂದರೆ ಕೆಲಸವಿದೆ ಅಂತ ಹೊರಟುಬಿಡುತ್ತಿದ್ದ. ಯಾರಾದರೂ ಕೇಳಿದರೆ ನಾನೇ ಹೇಳುತ್ತಿದ್ದೆ: ಸೋತದ್ದು ಜೀರ್ಣವಾಗಿಲ್ಲ ಪಾಪ. ಮಾಡಿದ್ದು ಸಾಲದು ಅಂತ ಇದನ್ನೂ ಸೇರಿಸಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನನ್ನನ್ನು ಯಾರೂ ಕಳ್ಳ ಅನ್ನಲಿಲ್ಲ, ಹಾಗಾಗಿ ಹೆಗಲು ಮುಟ್ಟಿಕೊಳ್ಳುವ ಕಾಲವೂ ಬರಲಿಲ್ಲ. ಹನ್ನೊಂದು ವರ್ಷ ನಾನೇ ದೊಡ್ಡವನಾಗಿ ಓಡಾಡಿಕೊಂಡಿದ್ದೆ.

ಈ ವರ್ಷ ಮಾಲೀಕ ಕೋಣೆಗೆ ಸುಣ್ಣ ಬಣ್ಣ ಮಾಡಿಸಿದ. ಎದುರು ಗೋಡೆಗೆ ಒಂದೇ ಒಂದು ಫೋಟೊ ಹಾಕುತ್ತೇನೆ, ಯಾರದು ಅಂತ ನೀವೇ ಹೇಳಿ ಅಂದ. ವಾದಕ್ಕೆ ಹೊಸ ಬೆಂಕಿ ಬಿತ್ತು. ಮೂರು ಮಧ್ಯಾಹ್ನ ನಡೆಯಿತು. ನನ್ನ ಗೆಳೆಯನ ಪರವಾಗಿ ಬೈರಾಪಟ್ಟಣದ ಒಬ್ಬ ಹಿರಿಯರು ಬಲವಾಗಿ ನಿಂತರು. ಯಾರಿಗೂ ಕಾಣದ ತಪ್ಪನ್ನು ತಾನಾಗಿ ಒಪ್ಪಿಕೊಂಡವನೇ ದೊಡ್ಡವನು ಅನ್ನುವುದು ಅವರ ಮಾತು. ಅದಕ್ಕೆ ಆಲಹಳ್ಳಿಯವನು, "ಒಪ್ಕೊಂಡಿದ್ದು ದೊಡ್ದೇ ಯಜಮಾನ್ರೇ, ಇಲ್ಲ ಅನ್ನಾಕಿಲ್ಲ. ಆದ್ರೆ ಕೊನೇ ಚೆಂಡಲ್ಲಿ ಕೈ ತಪ್ಪೋನು ಹೆಂಗೆ ದೊಡ್ಡೋನಾದಾನು?" ಅಂದ. ಎಲ್ಲರೂ ತಲೆದೂಗಿದರು. ಫೋಟೊ ನನ್ನದೇ ಅಂತಾಯಿತು.

ಕೈ ತಪ್ಪೋನು ಅನ್ನುವ ಆ ಮಾತು ನನಗೆ ಚಾಟಿಯ ಹಾಗೆ ಬಿತ್ತು. ಎದ್ದು ನಿಂತು ಎಲ್ಲವನ್ನೂ ಹೇಳಿದೆ: ಅಂಗೈಯೂರಿದ್ದು, ಚಕ್ಕೆ ಕಿರ್ರ್ ಅಂದದ್ದು, ಬಾಯಿ ಮುಚ್ಚಿಕೊಂಡದ್ದು.  ಬೈಯುತ್ತಾರೆ, ಆಚೆ ಕಳಿಸುತ್ತಾರೆ ಅಂತ ಕಾದೆ. ಆಲಹಳ್ಳಿಯವನು ಬಂದು ಹೆಗಲ ಮೇಲೆ ಕೈಯಿಟ್ಟ.

"ಅವ್ನ್ ಮರ್ವಾದೆ ಉಳ್ಸಾಕೆ ಸುಳ್ ಹೇಳ್ತಾವ್ನೆ ನೋಡ್ರಲಾ. ಇದ್ಕೇ ಕಣ್ಲಾ ನಿನ್ನ ದೊಡ್ಡೋನು ಅನ್ನೋದು."

ನನಗೆ ಪಿತ್ತ ನೆತ್ತಿಗೇರಿತು. ಕೂಗಾಡಿದೆ, ನನ್ನ ಮಕ್ಕಳ ಮೇಲೆ ಆಣೆ ಇಟ್ಟೆ. ಕೂಗಿದಷ್ಟೂ ಅವರಿಗೆ ನನ್ನ ಮನಸ್ಸು ದೊಡ್ಡದಾಗಿ ಕಂಡಿತು. ನಿಜ ಹೇಳಿದ್ದಕ್ಕೂ ಹಾರ ಹಾಕಿಸಿಕೊಳ್ಳುವ ಗತಿ ಬಂತಲ್ಲ ಅಂತ ಅಳುವೇ ಬಂತು. ಅವನೇ ಬಂದು ಹೇಳಿದರೆ ನಂಬುತ್ತಾರೆ ಅಂದುಕೊಂಡು ನೆಟ್ಟಗೆ ಅವನ ಮನೆಗೆ ಹೊರಟೆ. ಕ್ಷಮೆ ಕೇಳುವುದಕ್ಕಲ್ಲ, ಸಾಕ್ಷಿಗೆ ಕರೆಯುವುದಕ್ಕೆ. ಹೊರಟಾಗ ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ.

ಮನೆಯ ಹಿಂದಿನ ಶೀಟಿನ ಛಾವಣಿಯ ಕೆಳಗೆ ಅವನ ಹೆಂಡತಿ ಬೇಸಿನ್ ಮುಂದೆ ಕೂತು ನೂಲು ತೆಗೆಯುತ್ತಿದ್ದರು. ಅವನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಕಲೆಬಿದ್ದ ಗೂಡುಗಳನ್ನು ಆರಿಸಿ ಬುಟ್ಟಿಗೆ ಹಾಕುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕೈ ಸಣ್ಣಗೆ ನಡುಗುತ್ತಿತ್ತು. ನನ್ನನ್ನು ನೋಡಿ ಖುಷಿಯಾಗಿ ಎದ್ದ. ಟೀ ತರಿಸಲು ಹೊರಟವನನ್ನು ತಡೆದು, ನಿಂತುಕೊಂಡೇ ಹೇಳಿದೆ. ಹೇಳಿ ಮುಗಿಸಿ, "ನೀನ್ ಬಂದು ಅವ್ರಿಗೆ ಹೇಳ್ಬೇಕು ಕಣ್ಲಾ. ಗೋಡೆ ಮೇಲೆ ಇರ್ಬೇಕಾದ್ದು ನಿನ್ ಫೋಟೊ," ಅಂದೆ.

ಅವನು ಮತ್ತೆ ಸ್ಟೂಲಿನ ಮೇಲೆ ಕೂತ. ಹೆಂಡತಿ ಬೇಸಿನ್ನಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡರು. ನನ್ನ ಮುಖ ನೋಡಲಿಲ್ಲ. "ಆವತ್ತು ಆಟ ಮುಗಿಸ್ಕೊಂಡ್ ಬಂದೋರೇ ಇವ್ರು ಇಲ್ಲಿ ಕೂತ್ರು," ಅಂದರು. "ಗೂಡಿನ್ ತುದಿ ಹುಡ್ಕಿದ್ರು. ಸಿಕ್ತು. ಇನ್ನೊಂದ್ ತಗೊಂಡ್ರು, ಅದೂ ಸಿಕ್ತು. ನಾನ್ ನೋಡ್ತಾನೇ ಇದ್ದೆ. ಆದ್ರೂ ನನ್ ಬೆರಳು ಸತ್ತೋಗೈತೆ, ತಗುಲಿದ್ದು ಗೊತ್ತಾಗಲ್ಲ ಅಂದ್ಬುಟ್ರು. ಎದ್ದೋರು ಈ ಬೇಸಿನ್ ಮುಂದೆ ಮತ್ತೆ ಕೂರ್ಲಿಲ್ಲ. ಮಗಳು ಮಗು ಎತ್ಕೊಂಡ್ ಬಂದ್ರೆ, ಕೈ ಸರಿಯಿಲ್ಲ, ಬಿದ್ಬಿಡುತ್ತೆ ಅಂತ ಎತ್ಕೊತಾ ಇರ್ಲಿಲ್ಲ."

 ಸೋಲು ಜೀರ್ಣವಾಗಿಲ್ಲ ಅಂತ ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ಅವನು ಸೋಲಿನ ಬಗ್ಗೆ ಯೋಚಿಸಿಯೇ ಇರಲಿಲ್ಲ. ನೆಲದ ಮೇಲೆ ಕೂತುಬಿಟ್ಟೆ. "ತಪ್ಪಾಯ್ತು ಕಣೋ," ಅಂದೆ. ಆ ಮಾತು ನನ್ನ ಕಿವಿಗೇ ಸಣ್ಣದಾಗಿ ಕೇಳಿಸಿತು.

ಅವನು ಎರಡು ಕೈಯನ್ನೂ ಮುಂದೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡ. "ಹಂಗಾದ್ರೆ ಆವತ್ತು ನನ್ ಕೈ ಚೆನ್ನಾಗೇ ಇತ್ತು," ಅಂದ. ಹೆಂಡತಿಯ ಕಡೆ ತಿರುಗಿ ಮತ್ತೆ ಅದನ್ನೇ ಹೇಳಿದ. ಅವರು ಹೌದು ಅಂತ ತಲೆಯಾಡಿಸಿದರು.

"ಫೋಟೊ ಯಾವನಿಗ್ ಬೇಕ್ಲಾ, ಹಾಕಿಸ್ಕೊ ಹೋಗು," ಅಂದ ನನಗೆ. ದನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಆಟ ನೀನೇ ಗೆದ್ಕೊಬೋದಿತ್ತು, ಅದ್ಕೇನಿಲ್ಲ. ಆಮ್ಯಾಕೆ ಒಂದಿನ ಇಲ್ಲಿಗ್ ಬಂದು, ನಿನ್ ಕೈಗೆ ಏನೂ ಆಗಿಲ್ಲ ಕಣ್ಲಾ ಅಂತ ಒಂದ್ ಮಾತು ಹೇಳ್ಬೋದಿತ್ತು."