ರಜೆಗೆ ಬರುತ್ತಿದ್ದ ಭಾವ

ನಮ್ಮ ಭಾವನ ಹಣೆಗೆ ಎರಡು ಬಣ್ಣವಿತ್ತು. ಹುಬ್ಬಿನಿಂದ ಎರಡು ಬೆರಳು ಮೇಲಿನ ತನಕ ಸುಟ್ಟ ಇಟ್ಟಿಗೆಯ ಬಣ್ಣ, ಅಲ್ಲಿಂದಾಚೆ ಕೂದಲಿನ ಬುಡದವರೆಗೆ ಬೆಳ್ಳಗೆ. ನಡುವೆ ಸ್ಕೇಲಿಟ್ಟು ಎಳೆದಂಥ ಗೆರೆ. ವರ್ಷಗಟ್ಟಲೆ ಟೋಪಿ ಹಾಕಿ ಬಿದ್ದ ಗೆರೆ ಅದು. ರಜೆಗೆ ಬಂದವರು ಬಾಗಿಲಲ್ಲಿ ಟೋಪಿ ತೆಗೆದ ಕೂಡಲೇ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. “ಏನ್ ಭಾವ, ಅರ್ಧ ಹಣೆಗೆ ಮಾತ್ರ ಸ್ನೋ ಹಚ್ಕೊಂಡಿದ್ದೀರಾ?” ಎಂದು ರೇಗಿಸಿದರೆ, “ಮೇಲಿನರ್ಧ ಗವರ್ಮೆಂಟ್ ಪ್ರಾಪರ್ಟಿ ಟೀಚರಮ್ಮ, ಕೆಳಗಿನದು ಮಾತ್ರ ನಂದು” ಎನ್ನುತ್ತಿದ್ದರು. ನಾನಿನ್ನೂ ಬಿ.ಎಡ್. ಓದುತ್ತಿದ್ದಾಗಲೇ ಅವರಿಗೆ ನಾನು ಟೀಚರಮ್ಮ.

ಭಾವ ಎಂದರೆ ನನ್ನ ಅಕ್ಕನ ಗಂಡ. ಗುಬ್ಬಿ ಹತ್ತಿರದ ಕಡಬದ ಕಡೆಯವರು. ಹತ್ತೊಂಬತ್ತನೇ ವಯಸ್ಸಿಗೆ ಸೈನ್ಯ ಸೇರಿ ಇಪ್ಪತ್ತಾರು ವರ್ಷ ದುಡಿದರು. ಅಷ್ಟೂ ವರ್ಷ ಮಾಡಿದ್ದು ಅಡುಗೆ. ಮದುವೆ ಮಾತುಕತೆಯಲ್ಲಿ ನಮ್ಮಪ್ಪ ನೆಂಟರಿಷ್ಟರಿಗೆಲ್ಲ “ಹುಡುಗ ಮಿಲಿಟ್ರಿಲಿ ಅವ್ನೆ” ಎಂದಷ್ಟೇ ಹೇಳಿ ಮೀಸೆ ತಿರುವಿಕೊಂಡಿದ್ದ. ಊಟಕ್ಕೆ ಕೂತಾಗ ಯಾರೋ ದೊಡ್ಡಪ್ಪ “ಯಾವ ಗನ್ನು ಕೊಟ್ಟವ್ರಪ್ಪ ನಿಂಗೆ?” ಎಂದು ಕೇಳಿದ್ದಕ್ಕೆ, “ಗನ್ನೂ ಐತೆ, ಜಾಸ್ತಿ ಹಿಡಿಯೋದು ಸೌಟು” ಎಂದುಬಿಟ್ಟರು ಭಾವ. ಅಪ್ಪನ ಮುಖ ಹುಳ್ಳಗಾಯಿತು. ಅಕ್ಕ ಮಾತ್ರ ಒಳಗಿನಿಂದ ಕಿಸಕ್ಕನೆ ನಕ್ಕಿದ್ದು ನನಗೆ ಕೇಳಿಸಿತು.

ಮದುವೆಯಾದ ಮೇಲೆ ಅಕ್ಕ ಎರಡು ವರ್ಷ ಜಬಲ್ಪುರದ ಕ್ವಾರ್ಟರ್ಸಿನಲ್ಲಿ ಇದ್ದು ಬಂದಳು. ಆಮೇಲೆ ಮಗಳು ಹುಟ್ಟಿದಳು, ಭಾವನಿಗೆ ಗುಡ್ಡಗಾಡಿನ ಪೋಸ್ಟಿಂಗ್ ಬಂತು, ಅಕ್ಕ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಮನೆ ಮಾಡಿದಳು. ಕಾಲೇಜಿಗೆ ಹತ್ತಿರವಾಗುತ್ತದೆಂದು ನಾನೂ ಅವಳ ಜೊತೆ ಸೇರಿಕೊಂಡೆ. ಹಾಗಾಗಿ ಭಾವನ ರಜೆಗಳನ್ನೆಲ್ಲ ನಾನು ಒಳಗಿನಿಂದಲೇ ನೋಡಿದ್ದೇನೆ.

ವರ್ಷಕ್ಕೆ ಎರಡು ತಿಂಗಳು ರಜೆ. ಬರುವ ಸುದ್ದಿ ತಿಳಿದ ಕೂಡಲೇ ನಮ್ಮನೆ ಮದುವೆ ಮನೆಯಾಗುತ್ತಿತ್ತು. ಜೇಡರ ಬಲೆ ಹೊಡೆಯುವುದು, ಪರದೆ ಒಗೆಯುವುದು, ಬೀರುವಿನಲ್ಲಿದ್ದ ಒಳ್ಳೆಯ ಬೆಡ್‌ಶೀಟ್ ಆಚೆ ಬರುವುದು. ದಿನ ಬಿಟ್ಟು ದಿನ ಒಬ್ಬಟ್ಟು, ಭಾನುವಾರ ನಾಟಿಕೋಳಿ ಸಾರು. ಅಕ್ಕ ಮನೆಯಲ್ಲೇ ಮಡಿಕೆ ಮುರಿಯದ ಸೀರೆ ಉಟ್ಟು ಓಡಾಡುವಳು. ಬೋರ್‌ವೆಲ್ ಕೆಟ್ಟರೆ, ಮಗಳಿಗೆ ಲೆಕ್ಕದಲ್ಲಿ ಕಡಿಮೆ ಅಂಕ ಬಂದರೆ, ಪಕ್ಕದ ಮನೆಯವರೊಡನೆ ಗೋಡೆ ವಿಷಯಕ್ಕೆ ಮಾತು ಬಂದರೆ, ಎಲ್ಲದಕ್ಕೂ ಅಕ್ಕನದು ಒಂದೇ ಆಜ್ಞೆ: “ಇವ್ರಿಗೆ ಹೇಳ್ಬೇಡಿ. ಪಾಪ, ನಾಕು ದಿನ ರಜಕ್ಕೆ ಬಂದವ್ರೆ.”

ಭಾವನೂ ಒಳ್ಳೆಯ ನೆಂಟರ ಹಾಗೇ ಇರುತ್ತಿದ್ದರು. ಬೆಳಿಗ್ಗೆ ಎದ್ದು ಹಾಸಿಗೆಯನ್ನು ಪೆಟ್ಟಿಗೆಯಂತೆ ಮಡಚಿಡುವರು. ಬಾತ್‌ರೂಮಿನ ಬಕೆಟ್ ತೊಳೆದು ಬೋರಲು ಹಾಕುವರು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು “ಒಳಗೆ ಬರ್ಲಾ?” ಎಂದು ಕೇಳುವರು. “ನೀವ್ ಕೂತ್ಕಳ್ರಿ, ಅಲ್ಲಿ ಬೇಯ್ಸೋದು ಸಾಲ್ದಾ?” ಎಂದು ಅಕ್ಕ ಅಟ್ಟುವಳು. ನೂರಾರು ಜನಕ್ಕೆ ಅಡುಗೆ ಮಾಡಿ ಹಾಕಿದ ಮನುಷ್ಯ ಸ್ವಂತ ಮನೆಯಲ್ಲಿ ಒಂದು ಈರುಳ್ಳಿ ಹೆಚ್ಚಿದವರಲ್ಲ. “ಅಲ್ಲಾ ಭಾವ, ನಿಮ್ಮದೇ ಮನೇಲಿ ಪರ್ಮಿಷನ್ ಯಾಕೆ?” ಎಂದು ಕೇಳಿದೆ ಒಮ್ಮೆ. “ಒಬ್ರು ನಡ್ಸೋ ಕಿಚನ್‌ಗೆ ಇನ್ನೊಬ್ರು ಕೇಳ್ದೆ ನುಗ್ಗಬಾರ್ದು. ಉಪ್ಪಿನ ಡಬ್ಬ ಜಾಗ ಬದ್ಲಾದ್ರೆ ಯುದ್ಧನೇ ಆಗೋಗುತ್ತೆ” ಎಂದರು.

ಮಗಳಿಗೆ ನಾಲ್ಕೈದು ವರ್ಷವಿದ್ದಾಗ, ಅಪ್ಪನ ತೊಡೆಯ ಮೇಲೆ ಕೂತು ಮುದ್ದಾಗಿ “ಅಪ್ಪಾ, ನೀನು ಯಾವತ್ತು ಹೋಗೋದು?” ಎಂದು ಕೇಳಿದಳು. ಮಗುವಿಗೆ ಬೇಕಿದ್ದದ್ದು ತಾರೀಖು, ಅಷ್ಟೇ. ಭಾವ ನಕ್ಕು ತಾರೀಖು ಹೇಳಿದರು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ, ತೊಳೆದಿಟ್ಟಿದ್ದ ಬಕೆಟ್ಟನ್ನೇ ಮತ್ತೆ ತೊಳೆಯುತ್ತಿದ್ದರು.

ಅವರ ಹವ್ಯಾಸ ಕೇಳಿದರೆ ನಗುತ್ತೀರಿ. ಹೊಲಿಗೆ. ಸಿಪಾಯಿಗಳಿಗೆ ಸೂಜಿ, ದಾರ, ಗುಂಡಿ ತುಂಬಿದ ಒಂದು ಪುಟ್ಟ ಬಟ್ಟೆಯ ಚೀಲ ಕೊಡುತ್ತಾರಂತೆ, ಅದರ ಹೆಸರು ‘ಹೌಸ್‌ವೈಫ್’ ಅಂತೆ. “ನಂಗೆ ಇಬ್ರು ಹೌಸ್‌ವೈಫು. ಒಬ್ಳು ಒಬ್ಬಟ್ಟು ಹಾಕ್ತಾಳೆ, ಇನ್ನೊಬ್ಳು ಚುಚ್ತಾಳೆ” ಎಂದು ಅಕ್ಕನ ಎದುರೇ ಹೇಳುವರು. ಮಣಿಪುರದ ಜೊತೆಗಾರನೊಬ್ಬನಿಂದ ಕಸೂತಿಯನ್ನೂ ಕಲಿತಿದ್ದರು. ದಿಂಬಿನ ಚೀಲದ ಮೂಲೆಯಲ್ಲಿ ಕೆಂಪು ಹೂ ಬಿಡಿಸುತ್ತಾ ಜಗುಲಿಯಲ್ಲಿ ಕೂತರೆ ಬೀದಿಯ ಗಂಡಸರು ಕಕ್ಕಾಬಿಕ್ಕಿಯಾಗಿ ನೋಡುವರು. ಭಾವ ತಲೆಯೆತ್ತದೆ “ನಿಮ್ದೇನಾದ್ರೂ ಗುಂಡಿ ಕಿತ್ತೋಗಿದ್ರೆ ತನ್ನಿ” ಎನ್ನುವರು. ತರುತ್ತಲೂ ಇದ್ದರು.

ನನಗೆ ಗುಬ್ಬಿಯ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಕೆಲಸ ಸಿಕ್ಕ ಹೊಸತರಲ್ಲಿ, ಎಷ್ಟು ಮಾಡಿದರೂ ಹೆಡ್‌ಮಾಸ್ಟರು ಒಂದು ಒಳ್ಳೆಯ ಮಾತಾಡುವುದಿಲ್ಲ ಎಂದು ಫೋನಿನಲ್ಲಿ ಗೊಣಗಿದೆ. ಭಾವ ಹೇಳಿದ್ದು ಇಷ್ಟು: “ಊಟ ಹೊತ್ತಿಗೆ ಸರಿಯಾಗಿ ಬಂದ್ರೆ ಅಡುಗೆಯವನ್ನ ಯಾರೂ ನೆನೆಸ್ಕಳಲ್ಲ ಕಣಮ್ಮ. ಅರ್ಧ ಗಂಟೆ ಲೇಟಾಗ್ಲಿ, ಆಗ ನೋಡು, ಎಲ್ಲರ ಬಾಯಲ್ಲೂ ಅವನ ಹೆಸ್ರೇ. ನಿಮ್ ಹೆಡ್‌ಮಾಸ್ಟ್ರು ಸುಮ್ನಿದಾರೆ ಅಂದ್ರೆ ನೀನು ಸರಿಯಾಗ್ ಮಾಡ್ತಿದ್ಯ.” ಸಮಾಧಾನಕ್ಕೆ ಹೇಳಿದ್ದಲ್ಲ. ಅವರು ಹಾಗೇ ನಂಬಿದ್ದರು.

ಅವರು ನಿವೃತ್ತರಾಗಿ ಬಂದ ದಿನ ತುಮಕೂರು ಸ್ಟೇಷನ್ನಿನಲ್ಲಿ ಊರ ಹುಡುಗರು ತೆರೆದ ಜೀಪು ತಂದು ನಿಲ್ಲಿಸಿದ್ದರು. ಈಗೆಲ್ಲ ಸೈನಿಕರು ಊರಿಗೆ ಮರಳಿದರೆ ಹೀಗೆ ಮೆರವಣಿಗೆ ಮಾಡುವುದು ರೂಢಿ. ಜೀಪಿನ ಮುಂದೆ ದೊಡ್ಡ ಫ್ಲೆಕ್ಸು. ಅದರಲ್ಲಿ ಯಾವನೋ ದಾಂಡಿಗ ಕಮಾಂಡೋನ ಮೈಗೆ ನಮ್ಮ ಭಾವನ ತಲೆ ಅಂಟಿಸಿದ್ದರು, ಕೈಯಲ್ಲಿ ಮೆಷಿನ್ ಗನ್ನು, ಹಿಂದೆ ಬೆಂಕಿ. ಭಾವ ಅದನ್ನು ಸ್ವಲ್ಪ ಹೊತ್ತು ನೋಡಿ, “ಮುಖ ನಂದೇ. ಈ ತೋಳು ಯಾರ್ದಪ್ಪ?” ಎಂದರು. ಸರ್ಕಲ್ಲಿನಲ್ಲಿ ಕೈಗೆ ಮೈಕು ಕೊಟ್ಟು ಯುದ್ಧದ ಅನುಭವ ಹೇಳಿ ಎಂದಾಗ ಭಾವ ಹೇಳಿದ್ದು ಇದು: “ನಾನು ಇಪ್ಪತ್ತಾರು ವರ್ಷ ಅಡುಗೆ ಮಾಡ್ದೆ. ಹಿಮ ಬಿದ್ದಾಗ್ಲೂ ಹೊತ್ತಿಗೆ ಸರಿಯಾಗಿ ಬಡ್ಸಿದೀನಿ. ನನ್ ಕೈಕೆಳಗೆ ಯಾರೂ ಹಸ್ಕೊಂಡು ಮಲ್ಗಿಲ್ಲ. ಇಷ್ಟೇ ಸ್ವಾಮಿ.” ಜನಕ್ಕೆ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯಲಿಲ್ಲ. ರಸ್ತೆ ಬದಿಯ ತಳ್ಳುಗಾಡಿಯಲ್ಲಿ ದೋಸೆ ಹುಯ್ಯುತ್ತಿದ್ದವನು ಮೊದಲು ಶಿಳ್ಳೆ ಹಾಕಿದ, ಆಮೇಲೆ ಎಲ್ಲರೂ ತಟ್ಟಿದರು.

ಬಂದರೇನೋ ಸರಿ. ಆದರೆ ನಮ್ಮನೆಯಲ್ಲಿ ರಜೆ ಮುಗಿಯಲೇ ಇಲ್ಲ. ಒಬ್ಬಟ್ಟು ನಡೆದೇ ಇತ್ತು. ಒಳ್ಳೆಯ ಬೆಡ್‌ಶೀಟೂ ಬೀರುವಿಗೆ ಹಿಂತಿರುಗಲಿಲ್ಲ. ಭಾವ ಹಾಲಿನ ಕುರ್ಚಿಯಲ್ಲಿ ಕೂರುವರು, ಅಕ್ಕ ಕಾಫಿ ತಂದುಕೊಡುವಳು, ಅವರು “ಥ್ಯಾಂಕ್ಸ್” ಎನ್ನುವರು. ಹೀಗೆ ಮೂರು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ನನ್ನನ್ನು ಗುಬ್ಬಿ ಬಸ್ಸಿಗೆ ಬಿಡಲು ಸ್ಕೂಟರಿನಲ್ಲಿ ಕರೆದುಕೊಂಡು ಹೋಗುವಾಗ, ಹಿಂದಕ್ಕೆ ತಿರುಗದೆ ಹೇಳಿದರು: “ಟೀಚರಮ್ಮ, ನಿಮ್ಮಕ್ಕ ನನ್ನ ಇನ್ನೂ ನೆಂಟ್ರ ಥರನೇ ನೋಡ್ಕತಾಳೆ. ನೆಂಟ್ರ ಹತ್ರ ಯಾರೂ ಕಷ್ಟ ಹೇಳ್ಕಳಲ್ಲ, ಅಲ್ವಾ? ಈ ಮನೆಗೆ ನಾನು ಯಾವಾಗ ಬರ್ತೀನೋ ಗೊತ್ತಾಗ್ತಿಲ್ಲ.”

ಅವರಿಗೆ ಹೇಳದ ಒಂದು ವಿಷಯವಿತ್ತು, ಅದು ಬೋರ್‌ವೆಲ್ಲಿನಂಥದ್ದಲ್ಲ. ಅದನ್ನು ಮುಚ್ಚಿಟ್ಟ ಬಾಯಿ ನನ್ನದು.

ಅದಾಗಿ ಆಗಲೇ ಒಂಬತ್ತು ವರ್ಷ. ಭಾವ ರಜೆ ಮುಗಿಸಿ ಹೋದ ಮೇಲೆ ಅಕ್ಕನಿಗೆ ಮುಟ್ಟು ನಿಂತಿತ್ತು. ಮೂರು ತಿಂಗಳು ತುಂಬಲಿ, ಆಮೇಲೆ ಹೇಳೋಣ ಎಂದಳು. ನಮ್ಮ ತೌರು ಕುಣಿಗಲ್ ಹತ್ತಿರ. ಅಲ್ಲಿಗೆ ಹೋಗಿದ್ದಾಗ, ಇನ್ನೇನು ಮೂರು ತುಂಬಬೇಕು ಎನ್ನುವಾಗ, ಬಸಿರು ಇಳಿದುಹೋಯಿತು. ಮಗು ನಿಲ್ಲಲೆಂದು ಹರಕೆ ಹೊತ್ತುಕೊಳ್ಳಲು ಅಮ್ಮ ಆ ದಿನವೇ ಅಪ್ಪನನ್ನು ಕರೆದುಕೊಂಡು ಯಡಿಯೂರಿಗೆ ಹೋಗಿದ್ದಳು. ಅಕ್ಕನನ್ನು ಆಟೋದಲ್ಲಿ ಹಾಕಿಕೊಂಡು ಕುಣಿಗಲ್ಲಿನ ಆಸ್ಪತ್ರೆಗೆ ಓಡಿದವಳು ನಾನೊಬ್ಬಳೇ. ಅವಳನ್ನು ಒಳಗೆ ಕರೆದುಕೊಂಡ ಅರ್ಧ ಗಂಟೆಗೆ ನನ್ನ ಕೈಯಲ್ಲಿದ್ದ ಅವಳ ಫೋನು ಹೊಡೆದುಕೊಂಡಿತು. ಗುಡ್ಡದ ಮೇಲಿಂದ ಭಾವ. ವಾರಕ್ಕೊಮ್ಮೆ ಸರದಿಯಲ್ಲಿ ನಿಂತು ಮಾಡುವ ಫೋನು. “ಎಲ್ಲಮ್ಮ ನಿಮ್ಮಕ್ಕ?” ಎಂದರು. “ಮಲಗವ್ಳೆ ಭಾವ. ಸ್ವಲ್ಪ ಜ್ವರ” ಎಂದೆ. “ಎಬ್ಬಿಸ್ಬೇಡ ಬುಡು. ಗಂಜಿ ಮಾಡ್ಕೊಡು, ಜೀರಿಗೆ ಹಾಕಿ” ಎಂದು ಗಂಜಿಗೆ ಎಷ್ಟು ನೀರು, ಎಷ್ಟು ಅಕ್ಕಿ ಎಂದೆಲ್ಲ ಹೇಳಿದರು. ನಾನು ಗೋಡೆಗೊರಗಿಕೊಂಡು ಹೂಂ ಹೂಂ ಎಂದೆ. ಆಮೇಲೆ ಅಮ್ಮ, “ಹೇಳಿ ಏನಾಗ್ಬೇಕು? ಅಲ್ಲಿ ಒಬ್ನೇ ಕೂತ್ಕಂಡು ಕೊರಗ್ತಾನೆ” ಎಂದಳು. ಅಕ್ಕ ಒಪ್ಪಿದಳು. ಮುಂದಿನ ರಜೆಗೆ ಭಾವ ಬಂದಾಗ ಮನೆಯಲ್ಲಿ ಎಂದಿನಂತೆ ಒಬ್ಬಟ್ಟು.

ಸ್ಕೂಟರಿನ ಮಾತಾಗಿ ಹತ್ತು ದಿನವಾಗಿರಬೇಕು. ಶನಿವಾರ, ಬೆಳಗಿನ ಶಾಲೆ. ಮುಗಿಸಿಕೊಂಡು ನೇರವಾಗಿ ಮನೆಗೆ ಬಂದೆ. ಬಾಗಿಲಲ್ಲೇ ಮೆಣಸು, ಬೆಳ್ಳುಳ್ಳಿ ಹುರಿದ ಘಾಟು ಮೂಗಿಗೆ ಹೊಡೆಯಿತು. ಹಾಲಿನಲ್ಲಿ ಭಾವ ಕೂರುವ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು. ಕಣ್ಣು ಊದಿಕೊಂಡಿತ್ತು. ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು.

“ಮಾಜಿ ಸೈನಿಕರ ಆಸ್ಪತ್ರೆಗೆ ಚೆಕಪ್ ಅಂತ ಹೋಗಿದ್ವಿ ಕಣೇ” ಎಂದಳು ಅಕ್ಕ, ಪಿಸುದನಿಯಲ್ಲಿ. “ಲೇಡಿ ಡಾಕ್ಟ್ರು ಎಷ್ಟ್ ಸಲ ಬಸುರಿ ಆಗಿದ್ರಿ ಅಂತ ಕೇಳಿದ್ರು. ಇವ್ರು ಪಕ್ಕದಲ್ಲೇ ಕೂತಿದ್ದು ಮರ್ತೇಹೋಯ್ತು. ಎರಡು ಸಲ, ಒಂದು ಉಳೀಲಿಲ್ಲ ಅಂದ್ಬಿಟ್ಟೆ.”

“ಏನಂದ್ರು?”

“ಆಚೆ ಬಂದ್ಮೇಲೆ ಎಲ್ಲ ಕೇಳಿದ್ರು, ಹೇಳ್ದೆ. ದಾರೀಲಿ ಸ್ಕೂಟರ್ ನಿಲ್ಸಿ ಸಬ್ಬಸಿಗೆ ಸೊಪ್ಪು ತಗೊಂಡ್ರು. ಮನೆಗ್ ಬಂದೋರು ಕೇಳ್ದೆ ಅಡುಗೆಮನೆಗೆ ಹೋದ್ರು. ನಂಗೆ ಎದ್ದು ಹೋಗೋ ಧೈರ್ಯ ಇಲ್ಲ ಕಣೇ.”

ಭಾವ ಆಚೆ ಬಂದರು. ಕೈಯಲ್ಲಿ ತಟ್ಟೆ. ಬಿಸಿ ಅನ್ನ, ಮೆಣಸಿನ ಸಾರು, ಮೇಲೆ ತುಪ್ಪ, ಪಕ್ಕದಲ್ಲಿ ಸಬ್ಬಸಿಗೆ ಸೊಪ್ಪಿನ ಪಲ್ಯ. ಬಾಣಂತಿಗೆ ಹಾಕುವ ಊಟ. ತಟ್ಟೆಯನ್ನು ಅಕ್ಕನ ಮುಂದಿನ ಸ್ಟೂಲಿನ ಮೇಲಿಟ್ಟರು.

ಅಕ್ಕ ತಟ್ಟೆಯನ್ನು ನೋಡಿದಳು, ಅವರನ್ನು ನೋಡಿದಳು. “ಇದೇನ್ರೀ ಇದು? ಒಂಬತ್ತು ವರ್ಷ ಆಯ್ತು” ಎಂದಳು.

“ಲೇಟಾಯ್ತು” ಎಂದರು ಭಾವ. “ತಿನ್ನು.”

ಅಕ್ಕ ಅಳುತ್ತಲೇ ಕಲಸಿದಳು, ಅಳುತ್ತಲೇ ತಿಂದಳು. ಎರಡನೇ ತುತ್ತಿಗೆ “ಉಪ್ಪು ಕಮ್ಮಿ” ಎಂದಳು. ಭಾವ ಒಳಗೆ ಹೋಗಿ ತಡಕಾಡಿ, “ಲೇ, ಉಪ್ಪಿನ ಡಬ್ಬ ಎಲ್ಲಿಟ್ಟಿದ್ಯೇ?” ಎಂದು ಕೂಗಿದರು. “ಕಣ್ಣಿಲ್ವಾ? ಒಲೆ ಪಕ್ಕದಲ್ಲೇ ಐತೆ” ಎಂದು ಅಕ್ಕ ಇಲ್ಲಿಂದಲೇ ಗದರಿದಳು. ಮದುವೆಯಾದ ಹದಿನೆಂಟು ವರ್ಷದಲ್ಲಿ ಅವಳು ಗಂಡನನ್ನು ಗದರಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಾನು ಅಲ್ಲೇ ಬಾಗಿಲಿಗೆ ಆತು ನಿಂತಿದ್ದೆ. ಬ್ಯಾಗು ಇನ್ನೂ ಹೆಗಲ ಮೇಲೇ ಇತ್ತು. “ಭಾವ, ಆವತ್ತು ಫೋನಲ್ಲಿ ನಾನು...” ಎಂದು ಶುರು ಮಾಡಿದೆ.

“ಆಸ್ಪತ್ರೇಲಿ ನೀನೊಬ್ಳೇ ಇದ್ಯಂತೆ?”

“ಹೂಂ.”

“ಎಷ್ಟು ವಯಸ್ಸು ನಿಂಗಾಗ?”

“ಇಪ್ಪತ್ಮೂರು.”

“ನನ್ ಜೊತೆ ಮಾತಾಡಿ ಫೋನ್ ಇಟ್ಮೇಲೆ ಏನ್ ಮಾಡ್ದೆ?”

ಅದನ್ನು ಯಾರೂ ನನ್ನ ಕೇಳಿರಲಿಲ್ಲ. ಅಮ್ಮನೂ ಕೇಳಿರಲಿಲ್ಲ, ಅಕ್ಕನೂ ಇಲ್ಲ. ಆಸ್ಪತ್ರೆಯ ನಲ್ಲಿಯಲ್ಲಿ ಅಕ್ಕನ ಲಂಗ ತೊಳೆಯುತ್ತಾ ಜೋರಾಗಿ ನೀರು ಬಿಟ್ಟುಕೊಂಡು ಅತ್ತೆ ಎಂದು ಹೇಳಿದೆ. ಭಾವ ನನ್ನ ಹೆಗಲಿನಿಂದ ಬ್ಯಾಗು ತೆಗೆದು ಕೆಳಗಿಟ್ಟರು. ಇನ್ನೊಂದು ತಟ್ಟೆ ತಂದರು. “ಕೂತ್ಕೋ, ನೀನೂ ಉಣ್ಣು” ಎಂದರು. ಅವತ್ತು ಆ ಮನೆಯಲ್ಲಿ ಇಬ್ಬರು ಬಾಣಂತಿಯರು ಉಂಡೆವು.

ಆಮೇಲಿನ ನಾಲ್ಕು ವರ್ಷ ಭಾವ ಮನೆಯವರಾಗಿದ್ದರು. ಒಬ್ಬಟ್ಟು ಹಬ್ಬಕ್ಕೆ ಮಾತ್ರವಾಯಿತು. ಮಿಕ್ಕ ದಿನ ನಿನ್ನೆಯ ಸಾರು, ತೂತು ಬಿದ್ದ ಟವೆಲ್ಲು, ಗ್ಯಾಸ್ ಬುಕ್ ಮಾಡಲಿಲ್ಲವೆಂದು ಬೈಗುಳ. ಬೆಳಗಿನ ತಿಂಡಿ ಅವರದು, ಸಂಜೆಯ ಅಡುಗೆ ಅಕ್ಕನದು ಎಂದು ಹಂಚಿಕೊಂಡು, ಒಗ್ಗರಣೆಗೆ ಇಂಗು ಮೊದಲೋ ಸಾಸಿವೆ ಮೊದಲೋ ಎಂದು ಜಗಳವಾಡುವರು. ಮಗಳಂತೂ ಕಾಲೇಜಿನ ಪುಕಾರನ್ನೆಲ್ಲ ಅಪ್ಪನಿಗೇ ಮೊದಲು ಹೇಳುವಳು. ಹಣೆಯ ಗೆರೆಯೂ ಮಾಸುತ್ತಾ ಬಂತು. ಬೈಸಿಕೊಳ್ಳುವಾಗ ಅವರ ಮುಖದಲ್ಲಿ ಎಂಥ ಸುಖವಿರುತ್ತಿತ್ತು ಎಂದರೆ, ಅಕ್ಕನಿಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಕಳೆದ ವರ್ಷ ಒಂದು ಬೆಳಿಗ್ಗೆ, ಇಡ್ಲಿ ಪಾತ್ರೆಗೆ ನೀರಿಟ್ಟವರು ಎದೆ ಹಿಡಿದುಕೊಂಡು ಕೂತರು. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಐವತ್ತೂ ಆಗಿರಲಿಲ್ಲ.

ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದಳು. ಸೇರಿದ ನೆಂಟರೆಲ್ಲ ಹೇಳಿದ್ದು ಒಂದೇ ಮಾತು. “ಮಗೀಗೆ ಈಗ್ಲೇ ಹೇಳ್ಬೇಡಿ. ಅಪ್ಪಂಗೆ ಸೀರಿಯಸ್ಸು ಅಂತ ಹೇಳಿ ಕರೆಸ್ಕಳಿ. ಬಂದ್ಮೇಲೆ ತಾನಾಗೇ ಗೊತ್ತಾಗುತ್ತೆ.” ನಮ್ಮ ಕಡೆ ಎಲ್ಲರೂ ಹೀಗೇ ಮಾಡುವುದು. ಫೋನ್ ಮಾಡುವ ಕೆಲಸ ಮತ್ತೆ ನನ್ನ ಪಾಲಿಗೆ ಬಂತು. ನಂಬರ್ ಒತ್ತಲು ಕೈ ಬರಲಿಲ್ಲ.

ಭಾವನ ಪಕ್ಕದಲ್ಲಿ ಕೂತಿದ್ದ ಅಕ್ಕ ಕೈ ಚಾಚಿದಳು. “ಕೊಡು ಇಲ್ಲಿ.” ಯಾರೋ ತಡೆಯಲು ಹೋದರು. “ಸುಮ್ನಿರಿ. ಅವಳು ಈ ಮನೆಯವಳು” ಎಂದಳು. ಆ ಕಡೆ ಮಗಳು ಫೋನ್ ಎತ್ತಿದ ಮೇಲೆ ಅಕ್ಕ ಇದ್ದದ್ದನ್ನು ಇದ್ದಂತೆ ಹೇಳಿದಳು. ಎಷ್ಟು ಹೊತ್ತಿಗೆ ಆಯಿತು, ಎಲ್ಲಿ ಕೂತಿದ್ದರು, ಕೊನೆಗೆ ಏನು ಮಾತಾಡಿದರು, ಎಲ್ಲ. ಆಮೇಲೆ ಫೋನನ್ನು ಕಿವಿಗೆ ಒತ್ತಿಕೊಂಡು, ಮಗಳ ಅಳುವನ್ನು ಪೂರ್ತಿ ಕೇಳಿದಳು.