ಗಗನನೌಕೆಯಲ್ಲಿ ‘ಹೊರಗೆ’ ಎಲ್ಲಿದೆ?

ಆ ವರ್ಷದ ಚರ್ಚಾಸ್ಪರ್ಧೆಯ ವಿಷಯ ಓದಿ ನಾನು ನಕ್ಕುಬಿಟ್ಟಿದ್ದೆ. ‘ಮನುಕುಲದ ಬಾಹ್ಯಾಕಾಶ ಭವಿಷ್ಯದಲ್ಲಿ ಸಂಘಟಿತ ಧರ್ಮಕ್ಕೆ ಸ್ಥಾನವಿರಬೇಕು.’ ವಿಷಯ ಕೊಟ್ಟವರು ಮುಂಡರಗಿ ಕಡೆಯ ಒಂದು ಊರಿನ ಟ್ರಸ್ಟಿನವರು. ಗದಗಿನಿಂದ ಆ ಊರಿಗೆ ನೆಟ್ಟಗೆ ಬಸ್ಸಿಲ್ಲ, ಮಾತು ಮಾತ್ರ ಮಂಗಳನ ತನಕ.

ನಾನಾಗ ಗದಗಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದ ಹುಡುಗಿ. ನಮ್ಮ ಭಾಗದ ಚರ್ಚಾಸ್ಪರ್ಧೆಗೆ ಒಂದು ಕಾಲೇಜಿನಿಂದ ಇಬ್ಬರು ಹೋಗಬೇಕು, ಒಬ್ಬರು ಪರ, ಒಬ್ಬರು ವಿರೋಧ. ನಾನು ಯಾವಾಗಲೂ ವಿರೋಧ. ಪರ ಮಾತಾಡುವವನು ನನ್ನ ತರಗತಿಯವನೇ, ಬೆಟಗೇರಿಯ ನೇಕಾರರ ಮನೆಯ ಹುಡುಗ. ಅಲ್ಲಿ ಗೆದ್ದರೆ ಧಾರವಾಡದಲ್ಲಿ ಅದೇ ವಿಷಯದ ಮೇಲೆ ರಾಜ್ಯಮಟ್ಟದ ಸ್ಪರ್ಧೆ. ನನಗೆ ಅದೇ ಕೊನೆಯ ಅವಕಾಶ. ಪದವಿ ಮುಗಿದ ಮೇಲೆ ಲಕ್ಷ್ಮೇಶ್ವರದ ಮನೆಗೆ ವಾಪಸು. ತಲೆಮಾರುಗಳಿಂದ ಗುಡಿಯ ಪೂಜೆ ಮಾಡಿಕೊಂಡು ಬಂದ ಮನೆ ಅದು. ಅಲ್ಲಿ ಏನು ಕೇಳಿದರೂ ‘ಅದು ಹಂಗಽ ಅದ’ ಅನ್ನುತ್ತಾರೆ, ಚರ್ಚೆ ಮುಗಿಯುತ್ತದೆ. ಧಾರವಾಡದ ವೇದಿಕೆಯ ಮೇಲೆ ಒಮ್ಮೆ ಪೂರ್ತಿ ಮಾತಾಡಿ ಮುಗಿಸಬೇಕು, ಯಾರೂ ನಡುವೆ ಬಾಯಿ ಹಾಕಬಾರದು, ಇಷ್ಟೇ ನನ್ನ ಆಸೆ.

ತಯಾರಿ ಮಾಡಿಸಿದವರು ಕನ್ನಡ ಕಲಿಸುವ ಮೇಡಂ. ನಾನು ಕಂಡವರಲ್ಲಿ ಅವರಷ್ಟು ಚೂಪು ಬುದ್ಧಿಯವರು ಇನ್ನೊಬ್ಬರಿಲ್ಲ. “ದೇವರನ್ನ ಬಯ್ಯಬ್ಯಾಡ,” ಅನ್ನುತ್ತಿದ್ದರು. “ಅವ ಏನೂ ಮಾಡಿಲ್ಲ. ಅಂವನ ಹೆಸರಿಲೆ ಅಂಗಡಿ ತಗದವ್ರನ್ನ ಹಿಡಿ. ಮತ್ತ ‘ಒಬ್ಬ ಹೆಣ್ಣುಮಗಳು’ ಅಂತ ಉದಾಹರಣಿ ಕೊಡಬ್ಯಾಡ. ‘ನಾನು’ ಅನ್ನು. ಮಂದಿ ತೂಕಡಿಸೂದು ಬಿಟ್ಟು ಕೇಳ್ತಾರ.”

ಕಾಲೇಜು ಬಿಟ್ಟ ಮೇಲೆ ಖಾಲಿ ಕೋಣೆಯಲ್ಲಿ ನಾನೂ ಆ ಬೆಟಗೇರಿಯ ಗೆಳೆಯನೂ ಕಚ್ಚಾಡುತ್ತಿದ್ದೆವು.

“ಆರು ಮಂದಿ ಒಂದು ಡಬ್ಬಿಯೊಳಗ ವರ್ಷಗಟ್ಟಲೆ ಹೊಂಟಾರ ಅಂತ ತಿಳಿ,” ಅನ್ನುತ್ತಿದ್ದ ಗೆಳೆಯ. “ನಡಬರಕ ಒಬ್ಬಾಂವ ಸತ್ತ. ಏನ್ ಮಾಡ್ತಿ? ಭೌತಶಾಸ್ತ್ರದ ಸೂತ್ರ ಓದ್ತಿಯೇನು?”

“ಅಳ್ತೀನಿ. ಅಳಾಕ ಮಂತ್ರ ಬೇಕೇನು?”

“ನಮ್ಮಪ್ಪ ಹೋದಾಗ ಓಣಿ ಭಜನಿ ಮ್ಯಾಳದವ್ರು ಬಂದು ಕುಂತ್ರು. ನಮ್ಮವ್ವ ಒಂದು ತುತ್ತು ಉಣ್ಣೂತನಕ ಎದ್ದು ಹೋಗಲಿಲ್ಲ. ಅದು ಸಂಘಟನಿ ಅಲ್ಲೇನು?”

“ಅದು ನೆರೆಹೊರೆ. ನಿಮ್ಮವ್ರು ಅದರ ಮ್ಯಾಲೆ ಬೋರ್ಡು ಹಚ್ಚ್ಯಾರ, ಅಷ್ಟಽ.”

“ಬೋರ್ಡಿಲ್ಲದ ಅಂಗಡಿ ಎಷ್ಟ್ ದಿನ ನಡೀತೈತಿ ಲೇ?”



ನನ್ನ ಗಟ್ಟಿ ವಾದ ಒಂದೇ ಒಂದು ಪದದ ಮೇಲೆ ನಿಂತಿತ್ತು. ಹೊರಗೆ. ನಮ್ಮ ಮನೆಯಲ್ಲಿ ಅವ್ವ ತಿಂಗಳಿಗೆ ಮೂರು ದಿನ ‘ಹೊರಗ’ ಇರುತ್ತಾಳೆ. ಎಲ್ಲಿಗೂ ಹೋಗಿರುವುದಿಲ್ಲ. ಹಿತ್ತಲ ಪಡಸಾಲೆಯಲ್ಲಿ ಬೇರೆ ಚಾಪೆ, ಬೇರೆ ತಾಟು ಇಟ್ಟುಕೊಂಡು ಕೂತಿರುತ್ತಾಳೆ. ನನ್ನ ವಾದ ಇದು: ಧರ್ಮ ಸಂಘಟಿತವಾಗಬೇಕಾದರೆ ಯಾರನ್ನಾದರೂ ಹೊರಗೆ ಕೂಡಿಸಲೇಬೇಕು, ಹೊರಗೊಬ್ಬರು ಇಲ್ಲದಿದ್ದರೆ ಒಳಗಿದ್ದವರಿಗೆ ತಾವು ಒಳಗಿದ್ದೇವೆಂದು ಹೇಗೆ ಗೊತ್ತಾಗಬೇಕು? ಗಗನನೌಕೆಯಲ್ಲಾದರೋ ಹಿತ್ತಲಿಲ್ಲ, ಪಡಸಾಲೆಯಿಲ್ಲ. ಬಾಗಿಲು ತೆರೆದು ಹೊರಗೆ ಹೋದರೆ ಸಾವು. ಹಾಗಾಗಿ ಧರ್ಮ ಅಲ್ಲಿ ಕೊಲ್ಲಬೇಕು, ಇಲ್ಲವೇ ‘ಹೊರಗೆ’ ಎಂಬ ಪದವನ್ನು ಬಿಡಬೇಕು. ಆ ಪದ ಬಿಟ್ಟ ಮೇಲೆ ಉಳಿಯುವುದು ಭಜನೆ. ಅದಕ್ಕೆ ನನ್ನ ಅಭ್ಯಂತರವಿಲ್ಲ.

ಮೇಡಂ ಇದನ್ನು ಕೇಳಿ, “ಇದಕ್ಕ ಯಾರೂ ಉತ್ತರ ಕೊಡೂದಿಲ್ಲ ತಗೊ,” ಅಂದಿದ್ದರು. ಖರೆ, ಯಾರೂ ಕೊಡಲಿಲ್ಲ.

ಸ್ಪರ್ಧೆ ನಡೆದದ್ದು ಆ ಟ್ರಸ್ಟಿನ ಸಭಾಭವನದಲ್ಲಿ. ವೇದಿಕೆಯ ಹಿಂದಿನ ಗೋಡೆಯಲ್ಲೊಂದು ಗೂಡು, ಅದರಲ್ಲಿ ದೇವರು, ಮುಂದೆ ದೀಪ. ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಬೇಕು. ನನ್ನ ಸರದಿಗೆ ಇನ್ನಿಬ್ಬರು ಇದ್ದಾಗ ಹಿಂದಿನ ಬಚ್ಚಲಿಗೆ ಹೋದೆ. ಮುಟ್ಟಾಗಿತ್ತು. ಮೇಡಂ ಅವರನ್ನು ಕರೆದು ಪ್ಯಾಡ್ ಕೇಳಿದೆ. ಚೀಲದಿಂದ ತೆಗೆದು ಕೊಟ್ಟರು, ಆಮೇಲೆ ಮುಖ ಸಣ್ಣದು ಮಾಡಿಕೊಂಡರು.

“ಮ್ಯಾಲೆ ಹತ್ತಬ್ಯಾಡ.”

“ಯಾಕ್ರಿ ಮೇಡಂ?”

“ಹಿಂದ ದೇವರದಾನ. ಜ್ವರ ಬಂದಾವ ಅಂತ ನಾನು ಹೇಳ್ತೀನಿ.”

“ಇವತ್ತಿನ ವಿಷಯ ಏನ್ರಿ?”

“ನಿನ್ನ ಚ್ಯಾಷ್ಟಿ ಆಮ್ಯಾಲೆ ಮಾಡು.”

“ನಾನು ಹತ್ತಾಕಿನಽ. ಯಾರಿಗೂ ಗೊತ್ತಾಗೂದಿಲ್ಲ.”

“ನನಗ ಗೊತ್ತಾಗೇತಲ್ಲ,” ಅಂದರು.

ಹತ್ತಿದೆ. ಮಾತು ಚೆನ್ನಾಗಿಯೇ ಸಾಗಿತು. ಅಭ್ಯಾಸದಲ್ಲಿ ನನ್ನ ಮುಖ್ಯ ವಾಕ್ಯ ಹೀಗಿತ್ತು: “ಇವತ್ತು ನಾನು ಹೊರಗಾಗಿದ್ದೇನೆ ಅಂತ ಇಟ್ಟುಕೊಳ್ಳಿ.” ಆ ದಿನ ‘ಅಂತ ಇಟ್ಟುಕೊಳ್ಳಿ’ ಎಂಬ ಬಾಲವನ್ನು ಬೇಕೆಂದೇ ಕತ್ತರಿಸಿದೆ. “ಇವತ್ತು ನಾನು ಹೊರಗಾಗಿದ್ದೇನೆ. ನೌಕೆಯಲ್ಲಿ ನನ್ನನ್ನು ಎಲ್ಲಿ ಕೂಡಿಸುತ್ತೀರಿ?”

ಹಿಂದಿನ ಸಾಲಿನ ಹುಡುಗರು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟ್ರಸ್ಟಿನ ಹಿರಿಯರೊಬ್ಬರು ಎದ್ದು, ಕೆಳಗೆ ಕೂತಿದ್ದ ಮೇಡಂ ಅವರನ್ನು ಕೇಳಿದರು: “ಹುಡುಗಿ ಭಾಷಣಕ್ಕ ಅಂದಳೋ, ಖರೇನಽ ಐತೋ?”

‘ಭಾಷಣಕ್ಕರಿ’ ಅಂದಿದ್ದರೆ ಸಾಕಿತ್ತು. ಒಂದೇ ಪದ. ಮೇಡಂ ನನ್ನನ್ನು ನೋಡಿದರು, ನನ್ನ ಬೆನ್ನ ಹಿಂದಿನ ದೀಪವನ್ನು ನೋಡಿದರು.

“ಖರೆರಿ,” ಅಂದರು.

“ಇಳಿಯವಾ,” ಅಂದರು ಹಿರಿಯರು. ಸಿಟ್ಟಿರಲಿಲ್ಲ, ಅದೇ ಇನ್ನೂ ಕೆಟ್ಟದ್ದು. “ಚಲೋ ಮಾತಾಡಿದಿ. ಆದ್ರ ಇಳಿ.”

ಬಕೀಟು ಬಂತು. ನೀರಿಗೆ ಗೋಮೂತ್ರ ಬೆರೆಸಿ ವೇದಿಕೆ ತೊಳೆದರು. ಚಂದ್ರನ ಮೇಲೆ ನೀರು ಹುಡುಕುತ್ತಿರುವವರು ಜಲ್ದಿ ಹುಡುಕಲಿ ಅಂದುಕೊಂಡೆ, ಅಲ್ಲಿ ಸಭಾಭವನ ಕಟ್ಟಿದ ಮೇಲೆ ಬೇಕಾಗುತ್ತದೆ.

ಮುಂದಿನ ಸರದಿ ನನ್ನ ಗೆಳೆಯನದು. ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತ. ಅವನ ಮಾತಿನಲ್ಲಿ ಒಂದು ವಾಕ್ಯ ಬರುವುದಿತ್ತು, ನಾನೇ ತಿದ್ದಿಕೊಟ್ಟದ್ದು: “ನಕ್ಷತ್ರಗಳ ಕಡೆ ಹೊರಟ ಧರ್ಮ ಈ ನೆಲದ ಸಣ್ಣತನಗಳನ್ನು ಇಲ್ಲಿಯೇ ಬಿಟ್ಟು ಹೋಗುತ್ತದೆ.” ಇವತ್ತು ಇದನ್ನು ನುಂಗಿಕೊಳ್ಳುತ್ತಾನೆ ಎಂದು ಕಾದೆ. ನುಂಗಲಿಲ್ಲ. ಕೈ ಎತ್ತಿ, ಏರುದನಿಯಲ್ಲಿ, ನಾನು ಹೇಳಿಕೊಟ್ಟ ಜಾಗದಲ್ಲಿಯೇ ಉಸಿರು ತೆಗೆದುಕೊಂಡು ಹೇಳಿದ. ಮೊದಲ ಬಹುಮಾನ ಅವನಿಗೆ. ಪಾರಿತೋಷಕವೂ ನಮ್ಮ ಕಾಲೇಜಿಗೇ ಬಂತು. ನನ್ನ ಬಗ್ಗೆ ನಿರ್ಣಾಯಕರು ಅಂದದ್ದು, ‘ಉತ್ತಮ ಆರಂಭ, ನಡುವೆ ವಿಷಯಾಂತರ.’

ಬಸ್ಸಿನಲ್ಲಿ ಮೇಡಂ ಪಕ್ಕದ ಸೀಟು ತೋರಿಸಿ, “ಇಲ್ಲೆ ಕುಂಡ್ರು,” ಅಂದರು. ಗೆಳೆಯ ಮುಂದೆ ಪಾರಿತೋಷಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

“ದೇವರ ಮುಂದ ಸುಳ್ಳು ಹೇಳಾಕ ಬಾಯಿ ಬರಲಿಲ್ಲ ನನಗ,” ಅಂದರು ಮೇಡಂ.

“ಬಚ್ಚಲದಾಗ ಜ್ವರ ಅಂತ ಹೇಳ್ತೀನಿ ಅಂದ್ರಲ್ಲ?”

“ಅದು ಬಚ್ಚಲ.”

“ಮತ್ತ ಅಲ್ಲಿ ಮ್ಯಾಲೆ, ನೌಕಾದಾಗ, ದೇವರ ಗೂಡು ಇರೂದಿಲ್ಲಲ್ಲರಿ. ಅಲ್ಲಾದ್ರ ‘ಭಾಷಣಕ್ಕರಿ’ ಅಂತಿದ್ರೇನು?”

ಕಿಟಕಿಯಾಚೆ ಕಪ್ಪತಗುಡ್ಡ ಹಿಂದೆ ಸರಿಯುತ್ತಿತ್ತು. ಮೇಡಂ ಅದನ್ನೇ ನೋಡುತ್ತಾ ಯೋಚಿಸಿದರು. ನನ್ನ ಪ್ರಶ್ನೆಯನ್ನು ಅವರು ಹಗುರ ಮಾಡಲಿಲ್ಲ, ಯಾವತ್ತೂ ಮಾಡಿದವರಲ್ಲ.

“ಅಲ್ಲಿಗೆ ಹೋದ್ರೂ, ಹೋಗಾಕಿ ನಾನಽ ಅಲ್ಲೇನವಾ?” ಅಂದರು.

ಇಷ್ಟು ದಿನ ನಾನು ಧರ್ಮದ ಜೊತೆ ವಾದ ಮಾಡಿದ್ದೆ, ಅದಕ್ಕೆ ಸ್ವಂತ ಕಾಲಿದೆ, ಟಿಕೆಟ್ ತೆಗೆಸಿಕೊಂಡು ತಾನೇ ರಾಕೆಟ್ ಹತ್ತುತ್ತದೆ ಎಂಬಂತೆ. ಹತ್ತುವವರು ಇವರು. ನನಗೆ ಪ್ರಶ್ನೆ ಕೇಳುವುದನ್ನು ಕಲಿಸಿದವರು, ಚೀಲದಲ್ಲಿ ಪ್ಯಾಡ್ ಇಟ್ಟುಕೊಂಡಿದ್ದು ಕೇಳಿದ ಕೂಡಲೇ ತೆಗೆದುಕೊಟ್ಟವರು.

ಧಾರವಾಡಕ್ಕೆ ಗೆಳೆಯನ ಜೊತೆ ಮೊದಲ ವರ್ಷದ ಹುಡುಗಿಯೊಬ್ಬಳನ್ನು ಕಳಿಸಿದರು. ಟ್ರಸ್ಟಿನವರಿಂದ ಕಾಲೇಜಿಗೆ ಫೋನ್ ಬಂದಿತ್ತಂತೆ, ಮೇಡಂ ಏನೂ ಮಾಡಲಾಗಲಿಲ್ಲವಂತೆ. ಆ ಹುಡುಗಿ ಮಾತಾಡಿದ್ದು ನನ್ನ ಭಾಷಣವನ್ನೇ. ಮೇಡಂ ಕೇಳಿದಾಗ ನಾನೇ ಕೊಟ್ಟೆ, ಪೂರ್ತಿಯಾಗಿ ಹೇಳಬೇಕು ಎಂಬ ಷರತ್ತು ಹಾಕಿ. ಬಂದ ಮೇಲೆ ಆಕೆಯನ್ನು ಕೇಳಿದೆ. ಎಲ್ಲ ಹೇಳಿದೆ ಅಕ್ಕಾ, ಅಂದಳು, ‘ಹೊರಗೆ’ ಬರುವ ಭಾಗ ಒಂದನ್ನು ಬಿಟ್ಟು.